ಫೋಟೋ ಬಂದ ಕೂಡಲೇ ವಿಡಿಯೋ ನಿಂತ ಹಾಗೆ ಯಾಕೆ ಕಾಣುತ್ತದೆ?

ಓದುಗರ ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮೂರು. ಮೊನ್ನೆ ಅಕ್ಕನ ನಿಶ್ಚಿತಾರ್ಥ ಆಯಿತು. ಸ್ಟುಡಿಯೋದವರಿಗೆ ಫೋಟೋ ಮಾತ್ರ ಹೇಳಿದ್ದೆವು. ವಿಡಿಯೋ ಎಲ್ಲ ನಾವೇ ಮೊಬೈಲಿನಲ್ಲಿ ಹಿಡಿದದ್ದು. ಎರಡನ್ನೂ ಸೇರಿಸಿ, ಮದುವೆಗೆ ಮುಂಚೆ ಅಕ್ಕನಿಗೂ ಭಾವನಿಗೂ ಒಂದು ನೆನಪಿನ ವಿಡಿಯೋ ಮಾಡಿಕೊಡಬೇಕು ಅಂತ ಆಸೆ. ಆದರೆ ಫೋಟೋ ಬಂದಲ್ಲೆಲ್ಲ ವಿಡಿಯೋ ಕೆಟ್ಟು ನಿಂತ ಹಾಗೆ ಕಾಣುತ್ತದೆ. ಏನು ಮಾಡಲಿ?

ಉತ್ತರ: ಈ ತೊಂದರೆ ಬಂದಾಗ ಹೆಚ್ಚಿನವರು ಎಫೆಕ್ಟ್ ಹುಡುಕಲು ಹೊರಡುತ್ತಾರೆ. ಫೋಟೋ ಗಿರಗಿರ ತಿರುಗಿ ಬರುವುದು, ಹಾರ್ಟ್ ಆಕಾರದಲ್ಲಿ ತೆರೆದುಕೊಳ್ಳುವುದು, ಗುಲಾಬಿ ಎಸಳು ಉದುರುವುದು. ಎಷ್ಟು ಹಾಕಿದರೂ ಆ ನಿಂತ ಭಾವ ಹೋಗುವುದಿಲ್ಲ. ಯಾಕೆಂದರೆ ಅಲ್ಲಿ ನಿಜವಾಗಿ ನಿಂತಿರುವುದು ಶಬ್ದ.

ಸ್ವಲ್ಪ ಗಮನಿಸಿ. ನಿಮ್ಮ ಮೊಬೈಲ್ ಕ್ಲಿಪ್ಪಿನಲ್ಲಿ ವಾಲಗ ಕೇಳುತ್ತಿರುತ್ತದೆ, ಹೆಂಗಸರ ಮಾತು ನಡೆದಿರುತ್ತದೆ, ಯಾರೋ "ಏ, ಆ ಹಣ್ಣಿನ ತಟ್ಟೆ ಇತ್ಲಾಗ್ ಕೊಡಿ" ಅನ್ನುತ್ತಿರುತ್ತಾರೆ. ಫೋಟೋ ಬಂದ ಕೂಡಲೇ ಅದೆಲ್ಲ ಕಟ್. ಕಿವಿಗೆ ಖಾಲಿ ಅನ್ನಿಸಿದರೆ ಕಣ್ಣಿಗೂ ಖಾಲಿ ಅನ್ನಿಸುತ್ತದೆ. ಹಾಗಾಗಿ ಮೊದಲು ಕ್ಲಿಪ್ಪಿನ ಆಡಿಯೋವನ್ನು ಬೇರೆ ಮಾಡಿ. ಕೈನ್‌ಮಾಸ್ಟರ್, ಇನ್‌ಶಾಟ್‌ನಂಥ ಮೊಬೈಲ್ ಆ್ಯಪ್‌ಗಳಲ್ಲೇ ಇದು ಆಗುತ್ತದೆ. ಆಮೇಲೆ ಆ ಆಡಿಯೋ ಫೋಟೋದ ಕೆಳಗೂ ಓಡುವ ಹಾಗೆ ಜೋಡಿಸಿ.

ಲಗ್ನಪತ್ರಿಕೆ ಓದುವ ಭಾಗವನ್ನೇ ತೆಗೆದುಕೊಳ್ಳಿ. ಪುರೋಹಿತರು ಓದಲು ಶುರುಮಾಡುವುದನ್ನು ವಿಡಿಯೋದಲ್ಲಿ ತೋರಿಸಿ. ಅವರ ದನಿ ಮುಂದುವರಿಯಲಿ, ಅದರ ಮೇಲೆ ಸ್ಟುಡಿಯೋ ಫೋಟೋಗಳು ಬರಲಿ: ತಲೆ ತಗ್ಗಿಸಿ ಕೂತ ಅಕ್ಕ, ಕನ್ನಡಕ ಸರಿಮಾಡಿಕೊಳ್ಳುತ್ತಿರುವ ದೊಡ್ಡಪ್ಪ, ಕೈಯಲ್ಲಿ ಅಕ್ಷತೆ ಹಿಡಿದ ಅಜ್ಜಿ. ತಾಂಬೂಲ ಬದಲಾಯಿಸುವ ಹೊತ್ತಿಗೆ ಮತ್ತೆ ವಿಡಿಯೋಗೆ ಬನ್ನಿ. ಪೂರ್ತಿ ಓದನ್ನು ವಿಡಿಯೋದಲ್ಲೇ ತೋರಿಸಿದರೆ ನೋಡುವವರಿಗೆ ಬೇಜಾರು. ಬರೀ ಫೋಟೋ ಹಾಕಿದರೆ ಆಲ್ಬಮ್ ತಿರುವಿದಂತೆ ಆಗುತ್ತದೆ. ದನಿ ಒಂದೇ ಇದ್ದರೆ ಎರಡೂ ಒಂದೇ ಹೊತ್ತಿನವು ಅಂತ ಮನಸ್ಸು ಒಪ್ಪಿಕೊಳ್ಳುತ್ತದೆ.

ಇದರ ಉಲ್ಟಾ ಕೂಡ ಮಾಡಬಹುದು. ಮುಂದಿನ ಕ್ಲಿಪ್ಪಿನ ಶಬ್ದವನ್ನು ಒಂದು ಸೆಕೆಂಡು ಮುಂಚೆ, ಫೋಟೋ ಇರುವಾಗಲೇ ಶುರುಮಾಡಿ. ಪರದೆ ಮೇಲೆ ಇಬ್ಬರೂ ಗಂಭೀರವಾಗಿ ನಿಂತ ಫೋಟೋ ಇದೆ, ಹಿಂದಿನಿಂದ ಎಲ್ಲರೂ ಗೊಳ್ಳೆಂದು ನಕ್ಕದ್ದು ಕೇಳಿಸುತ್ತದೆ. ಆಮೇಲೆ ವಿಡಿಯೋ ಬರುತ್ತದೆ. ಉಂಗುರ ಬೆರಳಿನ ಗಂಟು ದಾಟುತ್ತಿಲ್ಲ! ನಗು ಯಾಕೆ ಅನ್ನುವುದು ಆಗ ಗೊತ್ತಾಗುತ್ತದೆ. ಎಡಿಟಿಂಗ್ ಮಾಡುವವರು ಇದಕ್ಕೆ ಜೆ ಕಟ್ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ.

ಉಂಗುರದ ಹೊತ್ತಿನ ಕ್ಲಿಪ್ಪಿನಲ್ಲಿ ಇನ್ನೊಂದು ಉಪಯೋಗಕ್ಕೆ ಬರುವ ಸಂಗತಿ ಇರುತ್ತದೆ. ಸ್ಟುಡಿಯೋದವರ ಫ್ಲ್ಯಾಶ್ ಹೊಡೆದದ್ದು ನಿಮ್ಮ ವಿಡಿಯೋದಲ್ಲೂ ಬಿದ್ದಿರುತ್ತದೆ. ಕೆಲವು ಸಲ ಚಿತ್ರದ ಅರ್ಧದಲ್ಲಿ ಮಾತ್ರ ಬಿಳಿ ಪಟ್ಟಿಯ ಹಾಗೆ ಇರುತ್ತದೆ. ಮೊಬೈಲಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಹಾಗಾಗುತ್ತದೆ. ಒಂದೊಂದೇ ಫ್ರೇಮ್ ಸರಿಸುತ್ತಾ ಆ ಬೆಳಕನ್ನು ಹುಡುಕಿ. ಸರಿಯಾಗಿ ಅಲ್ಲೇ ಕಟ್ ಮಾಡಿ, ಆ ಫ್ಲ್ಯಾಶಿನಲ್ಲೇ ತೆಗೆದ ಫೋಟೋ ಇಡಿ. ವಿಡಿಯೋ ಓಡುತ್ತಿತ್ತು, ಫ್ಲ್ಯಾಶ್ ಹೊಡೆಯಿತು, ಫೋಟೋ ಬಂತು. ನನಗೆ ಕೇಳಿದರೆ ಯಾವ ರೆಡಿಮೇಡ್ ಎಫೆಕ್ಟೂ ಇದರ ಹತ್ತಿರ ಬರುವುದಿಲ್ಲ. ಇಡೀ ವಿಡಿಯೋದಲ್ಲಿ ಒಂದೆರಡು ಸಲ ಸಾಕು, ಜಾಸ್ತಿ ಆದರೆ ಕಣ್ಣು ಕುಕ್ಕುತ್ತದೆ.

ಇನ್ನು ಫೋಟೋ ಅಲುಗಾಡಿಸುವ ವಿಷಯ. ನಿಧಾನವಾಗಿ ಹತ್ತಿರ ಹೋಗುವ, ಪಕ್ಕಕ್ಕೆ ಸರಿಯುವ ಈ ತಂತ್ರಕ್ಕೆ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ ಹೆಸರೇ ಅಂಟಿಕೊಂಡಿದೆ. ಹಿಂದಿನ ಕ್ಲಿಪ್ಪಿನಲ್ಲಿ ಮೊಬೈಲ್ ಬಲಕ್ಕೆ ತಿರುಗಿದ್ದರೆ ಫೋಟೋವನ್ನೂ ಅದೇ ದಿಕ್ಕಿಗೆ ಸರಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಸುಮಾರು 6000 ಪಿಕ್ಸೆಲ್ ಅಗಲ ಇರುತ್ತದೆ, ಫುಲ್ ಎಚ್‌ಡಿ ವಿಡಿಯೋ 1920 ಮಾತ್ರ. ಅಂದರೆ ಮೂರು ಪಟ್ಟು ಹತ್ತಿರ ಹೋದರೂ ಮುಖ ಮಸುಕಾಗುವುದಿಲ್ಲ. ಆದರೆ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿರುತ್ತದೆ, ಅದರಲ್ಲಿ ಈ ಆಟ ನಡೆಯುವುದಿಲ್ಲ. ಸ್ಟುಡಿಯೋದವರ ಹತ್ತಿರ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಇಲ್ಲ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಒಂದು ಫೋಟೋಗೆ ಮೂರು ನಾಲ್ಕು ಸೆಕೆಂಡು ಸಾಕು. ಗ್ರೂಪ್ ಫೋಟೋಗೆ ಮಾತ್ರ ಇನ್ನೆರಡು ಸೇರಿಸಿ, ಯಾಕೆಂದರೆ ಎಲ್ಲರೂ ಮೊದಲು ಹುಡುಕುವುದು ತಮ್ಮ ಮುಖವನ್ನೇ!

ಉದ್ದಕ್ಕೆ ಹಿಡಿದ ಫೋಟೋ ಅಡ್ಡ ವಿಡಿಯೋಗೆ ಕೂರುವುದಿಲ್ಲ ಅಂತ ಅಕ್ಕಪಕ್ಕ ಮಸುಕು ಮಾಡಿ ತುಂಬಿಸುತ್ತಾರಲ್ಲ, ಅದು ನನಗೆ ಇಷ್ಟವಿಲ್ಲ. ಹೆಣ್ಣಿನ ಕಡೆಯದ್ದೊಂದು, ಗಂಡಿನ ಕಡೆಯದ್ದೊಂದು, ಜೊತೆಯಾಗಿ ಇಡಿ. ಜಾಗವೂ ತುಂಬುತ್ತದೆ, ಅರ್ಥವೂ ಬರುತ್ತದೆ.

ಮದುವೆಗೆ ಇನ್ನೂ ಸಮಯ ಇದ್ದರೆ ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋಗಿ ನಾಲ್ಕು ಕ್ಲಿಪ್ ಸೇರಿಸಬಹುದು. ನಿಮ್ಮ ಕಡೆ ಜಾಗಕ್ಕೇನು ಬರ? ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದರೆ ವಾರ ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಹೂವು ಕೆಲವೇ ದಿನ, ಹಾಗಾಗಿ ತೋಟದವರಿಗೆ ಮೊದಲೇ ಹೇಳಿಟ್ಟಿರಿ. ಶೆಟ್ಟಿಹಳ್ಳಿಯ ಹಳೆ ಚರ್ಚಿಗೆ ಹೋಗುವುದಾದರೆ ಹೇಮಾವತಿ ಹಿನ್ನೀರಿನ ಮಟ್ಟ ನೋಡಿಕೊಂಡು ಹೊರಡಿ. ಮಳೆಗಾಲದಲ್ಲಿ ಚರ್ಚಿನ ಒಂದಷ್ಟು ಭಾಗ ನೀರಿನೊಳಗಿರುತ್ತದೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳು ಪುರಾತತ್ವ ಇಲಾಖೆಯ ಕೈಯಲ್ಲಿವೆ, ಟ್ರೈಪಾಡ್ ಹಾಕಿ ಶೂಟ್ ಮಾಡಲು ಅನುಮತಿ ಬೇಕು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಗಾಳಿ ಮೈಕಿಗೆ ಬಡಿದು ಬರೀ ಗುರ್ ಅನ್ನುತ್ತದೆ. ಆ ಆಡಿಯೋ ತೆಗೆದುಹಾಕಿ. ಬದಲಿಗೆ ತೋಟದಲ್ಲೋ ಮನೆ ಜಗಲಿಯಲ್ಲೋ ಮೊಬೈಲನ್ನು ಅಲ್ಲಾಡಿಸದೆ ಒಂದು ನಿಮಿಷ ಇಟ್ಟು, ಹಕ್ಕಿ ಕೂಗೋ, ಶೀಟಿನ ಮೇಲೆ ಮಳೆ ಬೀಳುವುದೋ, ಇಬ್ಬರೂ ಸುಮ್ನೆ ಮಾತಾಡುವುದೋ ಏನಾದರೂ ರೆಕಾರ್ಡ್ ಮಾಡಿಕೊಳ್ಳಿ. ಹೊರಗಿನ ಫೋಟೋಗಳ ಕೆಳಗೆ ಅದನ್ನೇ ಹರಿಬಿಡಿ.

ಸಿನಿಮಾ ಹಾಡು ಹಾಕಲೇಬೇಕು ಅಂತ ಅಕ್ಕ ಹಟ ಹಿಡಿದರೆ ಹಾಕಿ, ಮನೆಯಲ್ಲಿ ನೋಡಲು ತೊಂದರೆಯಿಲ್ಲ. ಯೂಟ್ಯೂಬಿಗೆ ಏರಿಸಿದರೆ ಮಾತ್ರ ಹಾಡಿನ ಹಕ್ಕುದಾರರಿಂದ ತಕರಾರು ಬರಬಹುದು. ಹಾಡಿನ ನಡುವೆ ಮಾತು ಬಂದಾಗ ಹಾಡಿನ ದನಿ ತಗ್ಗಿಸಿ.

ಒಟ್ಟು ಮೂರು ನಾಲ್ಕು ನಿಮಿಷ ಮೀರದಿರಲಿ. ಕೊನೆಗೆ ಫುಲ್ ಎಚ್‌ಡಿ, ಎಂಪಿ4, ಎಚ್.264 (ವಿಡಿಯೋ ಕುಗ್ಗಿಸಿಡುವ ಒಂದು ವಿಧಾನ) ಆಗಿ ಎಕ್ಸ್‌ಪೋರ್ಟ್ ಮಾಡಿ. ಹೊಸ ಮೊಬೈಲ್‌ಗಳು ಬಳಸುವ ಎಚ್.265 ಹಳೆ ಟಿವಿಗಳಲ್ಲಿ ಎಷ್ಟೋ ಸಲ ಓಡುವುದಿಲ್ಲ. ಕಲ್ಯಾಣ ಮಂಟಪದ ಎಲ್‌ಇಡಿ ಪರದೆಯಲ್ಲಿ ತೋರಿಸುವ ಯೋಚನೆ ಇದ್ದರೆ ಹಿಂದಿನ ದಿನವೇ ಫೈಲ್ ಕೊಟ್ಟು ಒಮ್ಮೆ ಹಾಕಿಸಿ ನೋಡಿ. ಚಿತ್ರ ಬಂತು ಅಂತ ಎದ್ದು ಬರಬೇಡಿ, ಶಬ್ದ ಬರಲು ಸ್ಪೀಕರಿಗೆ ವೈರ್ ಕೊಟ್ಟಿದ್ದಾರಾ ಅಂತಲೂ ಕೇಳಿ.