ಕಂಬಿ ಇಲ್ಲದ ಕಿಟಕಿ, ಚೀಟಿಯಲ್ಲಿ ಬಂದ ನ್ಯಾಯಾಧೀಶರು

ಜೈಲಿಗೆ ಹೋದವನನ್ನು ನಾವು ‘ಕಂಬಿ ಎಣಿಸುತ್ತಿದ್ದಾನೆ’ ಅನ್ನುತ್ತೇವೆ. ನಾರ್ವೆಯ ಹಾಲ್ಡೆನ್ ಜೈಲಿನ ಕೋಣೆಯಲ್ಲಿ ಎಣಿಸಲು ಕಂಬಿಯೇ ಇಲ್ಲ. ಉದ್ದನೆಯ ಗಾಜಿನ ಕಿಟಕಿ, ಹೊರಗೆ ಮರಗಳು. ಒಳಗೆ ಮಂಚ, ಮೇಜು, ಟಿವಿ, ಚಿಕ್ಕ ಫ್ರಿಜ್ಜು, ಬಾಗಿಲು ಹಾಕಿಕೊಳ್ಳಬಹುದಾದ ಬಚ್ಚಲು. ಹತ್ತು ಹನ್ನೆರಡು ಕೋಣೆಗಳಿಗೆ ಸೇರಿ ಒಂದು ಅಡುಗೆಮನೆ. ಕೈದಿಗಳು ಜೈಲಿನೊಳಗಿನ ಅಂಗಡಿಯಲ್ಲಿ ಸಾಮಾನು ಕೊಂಡು, ಒಟ್ಟಿಗೆ ಅಡುಗೆ ಮಾಡಿ, ಒಂದೇ ಮೇಜಿನ ಸುತ್ತ ಕೂತು ಉಣ್ಣುತ್ತಾರೆ. 2010ರಲ್ಲಿ ಶುರುವಾದ ಈ ಜೈಲು ಜೇಬುಗಳ್ಳರಿಗೆ ಅಂತ ಕಟ್ಟಿದ್ದಲ್ಲ. ಸುತ್ತ 6 ಮೀಟರ್ ಎತ್ತರದ ಗೋಡೆಯಿದೆ. ಕೊಲೆ, ಅತ್ಯಾಚಾರ ಮಾಡಿದವರೂ ಇಲ್ಲಿದ್ದಾರೆ.

ಈ ಕೋಣೆಯ ಫೋಟೋ ವಾಟ್ಸಾಪಿನಲ್ಲಿ ನನಗೆ ಆಗಾಗ ಬರುತ್ತದೆ. ಕೆಳಗೆ ಎರಡರಲ್ಲಿ ಒಂದು ಮಾತು ಇದ್ದೇ ಇರುತ್ತದೆ. ಒಂದು: ‘ಇದು ಜೈಲಾ, ಮಾವನ ಮನೆಯಾ? ನಾಲ್ಕು ಬಾರಿಸಿದರೆ ತಾನೇ ಬುದ್ಧಿ ಬರೋದು.’ ಇನ್ನೊಂದು: ‘ನಾರ್ವೆಯಲ್ಲಿ ಬಿಡುಗಡೆಯಾದ 100 ಜನರಲ್ಲಿ 20 ಜನ ಮಾತ್ರ ಮತ್ತೆ ತಪ್ಪು ಮಾಡುತ್ತಾರೆ. ಅಮೆರಿಕದಲ್ಲಿ 68 ಜನ!’ ನನಗೆ ಈ ಎರಡನೆಯದರ ಮೇಲೇ ಜಾಸ್ತಿ ಸಿಟ್ಟು. ಒಳ್ಳೆಯ ವಾದವನ್ನು ತಪ್ಪು ಲೆಕ್ಕದ ಮೇಲೆ ನಿಲ್ಲಿಸಿದರೆ ಅದು ಬೀಳುವ ದಿನ ವಾದವನ್ನೂ ಎಳೆದುಕೊಂಡೇ ಬೀಳುತ್ತದೆ.

ತಪ್ಪು ಎಲ್ಲಿದೆ? ನಾರ್ವೆಯ 20 ಅನ್ನುವುದು ಎರಡು ವರ್ಷದೊಳಗೆ ಮತ್ತೆ ಶಿಕ್ಷೆಯಾದವರ ಲೆಕ್ಕ. ಅಮೆರಿಕದ 68 ಅನ್ನುವುದು ಮೂರು ವರ್ಷದೊಳಗೆ ಮತ್ತೆ ಬಂಧನವಾದವರ ಲೆಕ್ಕ. ಪೊಲೀಸರು ಹಿಡಿದವರಿಗೆಲ್ಲ ಶಿಕ್ಷೆಯಾಗುತ್ತದಾ? ಇಲ್ಲ. ಒಂದೂರಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದು, ಇನ್ನೊಂದೂರಲ್ಲಿ ಎಷ್ಟು ಜನ ಛತ್ರಿ ಬಿಚ್ಚಿದರು ಅಂತ ಎಣಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟ ಹಾಗಾಯಿತು. ಜೊತೆಗೆ, ಕುಡಿದು ಗಾಡಿ ಓಡಿಸಿದವರನ್ನೂ ನಾರ್ವೆ ಕೆಲವು ವಾರ ಜೈಲಿಗೆ ಹಾಕುತ್ತದೆ. ಅಂಥವರಲ್ಲಿ ಹೆಚ್ಚಿನವರು ವಾಪಸ್ ಬರುವವರಲ್ಲ. ಹಾಗಾಗಿ ಸರಾಸರಿ ತಾನಾಗಿ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಜೈಲು ಮನುಷ್ಯನನ್ನು ಸುಧಾರಿಸಿತಾ, ಕೆಡಿಸಿತಾ ಅಂತ ತಿಳಿಯುವುದು ಹೇಗೆ? ಜೈಲಿಗೆ ಹೋದವರನ್ನು ಹೋಗದವರ ಜೊತೆ ಸುಮ್ನೆ ಹೋಲಿಸಿದರೆ ಆಗದು. ಹೋದವರ ತಪ್ಪೇ ದೊಡ್ಡದಿರುತ್ತದೆ. ಆಸ್ಪತ್ರೆಗೆ ಸೇರಿದವರಲ್ಲಿ ಸಾವು ಜಾಸ್ತಿ, ಆದ್ದರಿಂದ ಆಸ್ಪತ್ರೆಯೇ ಕೊಲ್ಲುತ್ತದೆ ಅಂದಂತೆ. ಬೇಕಾಗಿರುವುದು ಒಂದೇ ತರದ ಎರಡು ಗುಂಪು. ಒಂದು ಒಳಗೆ, ಒಂದು ಹೊರಗೆ. ಆದರೆ ಯಾವ ಸರ್ಕಾರವೂ ನಾಣ್ಯ ಚಿಮ್ಮಿ ಜನರನ್ನು ಜೈಲಿಗೆ ಹಾಕುವುದಿಲ್ಲ, ಅಲ್ವಾ?

ಇಲ್ಲೇ ನನಗೆ ತುಂಬಾ ಇಷ್ಟವಾದ ಉಪಾಯವೊಂದು ಬರುತ್ತದೆ. ಮನುದೀಪ್ ಭುಲ್ಲರ್, ಗಾರ್ಡನ್ ಡಾಲ್, ಕಾತ್ರಿನೆ ಲೋಕೆನ್, ಮಾಗ್ನೆ ಮೊಗ್‌ಸ್ಟಾಡ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಗಮನಿಸಿದ್ದು ಇಷ್ಟು: ನಾರ್ವೆಯ ಕೋರ್ಟುಗಳಲ್ಲಿ ಯಾವ ಪ್ರಕರಣ ಯಾವ ನ್ಯಾಯಾಧೀಶರಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ನ್ಯಾಯಾಧೀಶರಲ್ಲಿ ಕೆಲವರು ಬಿಗಿ, ಕೆಲವರು ಸಡಿಲ. ಹಾಗಾದರೆ ನಾಣ್ಯ ಆಗಲೇ ಚಿಮ್ಮಿಯಾಗಿದೆ!

ನಮ್ಮ ಪರೀಕ್ಷೆಯನ್ನೇ ನೆನೆಸಿಕೊಳ್ಳಿ. ‘ಪೇಪರ್ ಯಾರ ಕೈಗೆ ಹೋಗುತ್ತೋ’ ಅಂತ ಮಕ್ಕಳು ಹೆದರುತ್ತಾರೆ. 34 ಅಂಕದ ಹುಡುಗ ಕೈ ಸಡಿಲ ಇರುವ ಮೇಷ್ಟ್ರಿಗೆ ಸಿಕ್ಕರೆ ಪಾಸು, ಬಿಗಿ ಮೇಷ್ಟ್ರಿಗೆ ಸಿಕ್ಕರೆ ಫೇಲು. 90 ಬರುವವನಿಗೂ 5 ಬರುವವನಿಗೂ ಮೇಷ್ಟ್ರು ಯಾರಾದರೂ ಒಂದೇ. ಆದರೆ ಅಂಚಿನಲ್ಲಿರುವ ಆ ಹುಡುಗರಿದ್ದಾರಲ್ಲ, ಅವರಲ್ಲಿ ಪಾಸಾದವರೂ ಫೇಲಾದವರೂ ಒಂದೇ ಮಟ್ಟದವರು. ಮುಂದೆ ಅವರ ಬದುಕು ಬೇರೆಬೇರೆಯಾದರೆ ಅದಕ್ಕೆ ಕಾರಣ ಆ ಫಲಿತಾಂಶವೇ ಹೊರತು ಬುದ್ಧಿಯಲ್ಲ.

ಹೊಲದಲ್ಲಿ ಗೊಬ್ಬರ ಪರೀಕ್ಷಿಸುವವರೂ ಇದನ್ನೇ ಮಾಡುತ್ತಾರೆ. ಒಳ್ಳೆಯ ಮಣ್ಣಿನ ಮಡಿಗೇ ಹೊಸ ಗೊಬ್ಬರ ಹಾಕಿದರೆ ಬೆಳೆ ಬಂದದ್ದು ಮಣ್ಣಿಂದಲೋ ಗೊಬ್ಬರದಿಂದಲೋ ಗೊತ್ತಾಗದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಹೇಳಿದ್ದು ಅದನ್ನೇ: ಯಾವ ಮಡಿಗೆ ಯಾವ ಗೊಬ್ಬರ ಅನ್ನುವುದನ್ನು ಚೀಟಿಗೆ ಬಿಡಿ. ಇಂದು ಹೊಸ ಔಷಧಿಗಳನ್ನು ಪರೀಕ್ಷಿಸುವುದೂ ಇದೇ ನಿಯಮದ ಮೇಲೆ.

ನಾರ್ವೆಯ ಆ ನಾಲ್ವರ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಬಿಗಿ ನ್ಯಾಯಾಧೀಶರಿಗೆ ಸಿಕ್ಕಿದ್ದರಿಂದಲೇ ಜೈಲಿಗೆ ಹೋದವರಲ್ಲಿ ಐದು ವರ್ಷದೊಳಗೆ ಮತ್ತೆ ಅಪರಾಧಕ್ಕೆ ಇಳಿದವರ ಪ್ರಮಾಣ, 100 ಜನರ ಲೆಕ್ಕದಲ್ಲಿ, 29ರಷ್ಟು ಕಡಿಮೆ. ಒಳಗಿದ್ದಷ್ಟು ದಿನ ತಪ್ಪು ಮಾಡಲು ಆಗದು, ಅದಕ್ಕೇ ಕಡಿಮೆ ಅನ್ನಬಹುದು. ಅದನ್ನೂ ನೋಡಿದರು. ಅದಲ್ಲ ಕಾರಣ. ಹೊರಗೆ ಬಂದ ಮೇಲೂ ಇಳಿಕೆ ಹಾಗೇ ನಿಂತಿತ್ತು.

ಹಾಗಂತ ‘ದಂಡಂ ದಶಗುಣಂ’ ಅನ್ನುವವರು ಖುಷಿಪಡುವಂತಿಲ್ಲ. ಅಮೆರಿಕದ ಟೆಕ್ಸಾಸಿನ ಹ್ಯಾರಿಸ್ ಕೌಂಟಿಯಲ್ಲೂ ಇದೇ ಚೀಟಿಯ ಉಪಾಯದಿಂದ ಅಧ್ಯಯನ ನಡೆದಿದೆ. ಅಲ್ಲಿ ಜೈಲಿಗೆ ಹೋದವರು ಹೊರಬಂದ ಮೇಲೆ ಇನ್ನೂ ಜಾಸ್ತಿ ಅಪರಾಧ ಮಾಡಿದ್ದರು. ಎರಡು ಕಡೆಯೂ ಜೈಲೇ. ಒಂದು ಕಡೆ ಮದ್ದು, ಇನ್ನೊಂದು ಕಡೆ ವಿಷ. ಹಾಗಾದರೆ ಒಳಗೆ ಏನು ನಡೆಯುತ್ತದೆ ಅನ್ನುವುದೇ ಮುಖ್ಯ.

ನಾರ್ವೆ ಮೊದಲಿನಿಂದ ಹೀಗಿರಲಿಲ್ಲ. 1829ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೊಸ ತರದ ಜೈಲೊಂದು ತೆರೆಯಿತು. ಒಬ್ಬೊಬ್ಬನಿಗೆ ಒಂದೊಂದು ಕೋಣೆ, ಮಾತಿಲ್ಲ, ಮುಖ ನೋಡುವಂತಿಲ್ಲ. ಕೋಣೆಯಿಂದ ಹೊರಗೆ ಕರೆದೊಯ್ಯುವಾಗ ತಲೆಗೆ ಮುಸುಕು. ಒಂಟಿಯಾಗಿದ್ದರೆ ಪಶ್ಚಾತ್ತಾಪ ಹುಟ್ಟುತ್ತದೆ ಎಂದು ನಂಬಿದ ಒಳ್ಳೆಯ ಜನರೇ ಇದನ್ನು ಕಟ್ಟಿಸಿದ್ದು. 1842ರಲ್ಲಿ ಅಲ್ಲಿಗೆ ಹೋಗಿದ್ದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಇದು ಮೈಗೆ ಕೊಡುವ ಯಾವ ಹಿಂಸೆಗಿಂತಲೂ ಕೆಟ್ಟದ್ದು ಅಂತ ಬರೆದರು. ಆದರೂ 1851ರಲ್ಲಿ ನಾರ್ವೆ ತನ್ನ ರಾಜಧಾನಿಯಲ್ಲಿ ಅದೇ ಮಾದರಿಯ ಜೈಲು ತೆರೆಯಿತು. ಅದರ ಹೆಸರು ಬೋಟ್ಸ್‌ಫೆಂಗ್ಸೆಲೆ, ಅಂದರೆ ಪ್ರಾಯಶ್ಚಿತ್ತದ ಜೈಲು. ಓಸ್ಲೋ ಫ್ಯೋರ್ಡ್ ಎಂಬ ಕಡಲ ಚಾಚಿನ ಬಾಸ್ಟೊಯ್ ದ್ವೀಪದಲ್ಲಿ ಹುಡುಗರನ್ನು ‘ತಿದ್ದಲು’ ಇಟ್ಟಿದ್ದ ಮನೆಯೊಂದಿತ್ತು. 1915ರಲ್ಲಿ ಆ ಹುಡುಗರು ದಂಗೆ ಎದ್ದರು. ಅಡಗಿಸಲು ಸೈನ್ಯವೇ ಬರಬೇಕಾಯಿತು. ಇವತ್ತು ಅದೇ ದ್ವೀಪದಲ್ಲಿ ಬಯಲು ಜೈಲಿದೆ. ಕೈದಿಗಳು ಹೊಲ ನೋಡಿಕೊಳ್ಳುತ್ತಾರೆ, ಕೊಡಲಿ ಹಿಡಿದು ಸೌದೆ ಸೀಳುತ್ತಾರೆ, ದಡಕ್ಕೆ ಹೋಗಿಬರುವ ದೋಣಿಯಲ್ಲೂ ಅವರೇ ಕೆಲಸ ಮಾಡುತ್ತಾರೆ.

ಈಗಿನ ನಿಯಮ ಸರಳ. ಸ್ವಾತಂತ್ರ್ಯ ಹೋಯಿತಲ್ಲ, ಅದೇ ಶಿಕ್ಷೆ. ಅದರ ಮೇಲೆ ಇನ್ನೊಂದು ಶಿಕ್ಷೆ ಬೇಡ. ಉಳಿದ ಬದುಕು ಹೊರಗಿನದಕ್ಕೆ ಆದಷ್ಟು ಹತ್ತಿರ ಇರಲಿ. ಕಾವಲಿನವರಿಗೆ ಎರಡು ವರ್ಷ ಸಂಬಳ ಕೊಟ್ಟು ತರಬೇತಿ ಕೊಡುತ್ತಾರೆ. ಅವರು ಕೈದಿಗಳ ಜೊತೆ ಕೂತು ಕಾಫಿ ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ. ಇದು ಬರೀ ದಯೆಯಲ್ಲ, ಭದ್ರತೆಯೂ ಹೌದು. ದಿನಾ ಮಾತಾಡುವವನ ಮುಖ ಇವತ್ತು ಬಾಡಿದೆ ಅಂತ ಕ್ಯಾಮೆರಾಗಿಂತ ಮೊದಲು ಗೊತ್ತಾಗುವುದು ಮನುಷ್ಯನಿಗೆ. ಪಾಠ ಹೇಳುವ ಮೇಷ್ಟ್ರು, ವೈದ್ಯರು, ಲೈಬ್ರರಿಯವರು ಜೈಲಿನ ನೌಕರರಲ್ಲ. ಹೊರಗಿನ ಊರಿಗೆ ಯಾರು ಈ ಕೆಲಸ ಮಾಡುತ್ತಾರೋ ಅವರೇ ಒಳಗೂ ಬರುತ್ತಾರೆ. ಗೋಡೆ ಇದ್ದರೂ ಊರಿನ ನಂಟು ಕಡಿಯುವುದಿಲ್ಲ.

‘ಹಾಗಾದರೆ 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದ ಆಂಡರ್ಸ್ ಬ್ರೇವಿಕ್‌ನನ್ನೂ ಬಿಟ್ಟುಬಿಡುತ್ತಾರಾ?’ ಅಂತ ಕೇಳುವವರಿದ್ದಾರೆ. ಬಿಟ್ಟಿಲ್ಲ. ಅವನಿಗೆ ಆದದ್ದು 21 ವರ್ಷದ ಶಿಕ್ಷೆ, ಆದರೆ ಅಪಾಯ ಇನ್ನೂ ಇದೆ ಎಂದು ಕೋರ್ಟು ಕಂಡರೆ ಅದನ್ನು ಬೆಳೆಸುತ್ತಾ ಹೋಗಬಹುದು. 2022ರಲ್ಲಿ ಬಿಡುಗಡೆ ಕೇಳಿದ. ಕೋರ್ಟು ಒಪ್ಪಲಿಲ್ಲ. ಎಲ್ಲವೂ ಸರಿಯಿದೆ ಅಂತಲೂ ಅಲ್ಲ. ಕೈದಿಗಳನ್ನು ಒಂಟಿಯಾಗಿ ಕೂಡಿಹಾಕುವುದು ಜಾಸ್ತಿಯಾಗಿದೆ ಎಂದು ಜನರ ದೂರು ವಿಚಾರಿಸಲು ಆ ದೇಶದ ಸಂಸತ್ತು ನೇಮಿಸಿದ ಓಂಬುಡ್ಸ್‌ಮನ್ನರೇ 2019ರಲ್ಲಿ ವಿಶೇಷ ವರದಿ ಕೊಟ್ಟರು. ಫಿಲಡೆಲ್ಫಿಯಾದ ಭೂತ ಪೂರ್ತಿ ಬಿಟ್ಟು ಹೋಗಿಲ್ಲ.

ಮತ್ತೆ ಚೀಟಿಯ ಲೆಕ್ಕಕ್ಕೆ ಬರೋಣ. ಅದರಲ್ಲಿ ಇನ್ನೊಂದು ಪದರ ಇದೆ. ಆ ಇಳಿಕೆಯೆಲ್ಲ ಬಂದದ್ದು ಜೈಲಿಗೆ ಹೋಗುವ ಮೊದಲು ಕೆಲಸ ಇಲ್ಲದೆ ಇದ್ದವರಿಂದ. ಅವರು ಒಳಗೆ ಕೆಲಸದ ತರಬೇತಿಗೆ ಸೇರಿದರು, ಹೊರಗೆ ಬಂದು ದುಡಿಯತೊಡಗಿದರು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇರುವವನಿಗೆ ಹಳೆಯ ಗೆಳೆಯರ ಜೊತೆ ಅಲೆಯಲು ಪುರುಸೊತ್ತು ಕಡಿಮೆ. ಮೊದಲೇ ಕೆಲಸದಲ್ಲಿದ್ದವರ ಕಥೆ ಬೇರೆ. ಜೈಲು ಅವರ ಅಪರಾಧವನ್ನೇನೂ ಇಳಿಸಲಿಲ್ಲ. ಇದ್ದ ಕೆಲಸವನ್ನು ಮಾತ್ರ ಕಿತ್ತುಕೊಂಡಿತು.

ಅಂಥವರಿಗೆ ನಾರ್ವೆಯಲ್ಲಿ ಇನ್ನೊಂದು ದಾರಿ 2008ರಲ್ಲಿ ಶುರುವಾಯಿತು. ಚಿಕ್ಕ ಶಿಕ್ಷೆಯಾಗಿದ್ದರೆ ಮನೆಯಲ್ಲೇ ಇದ್ದು ಮುಗಿಸಬಹುದು. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ. ಕುಡಿಯುವಂತಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗಲೇಬೇಕು, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಮನೆಗೆ ಬರಬೇಕು. ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆ ಪ್ಯಾಂಟಿನ ಕೆಳಗಿನ ಪಟ್ಟಿ ಕಾಣುವುದೂ ಇಲ್ಲ.