ಖಿನ್ನತೆಯ ಗುಳಿಗೆ ಗಮನದ ಗುಳಿಗೆಯಾದ ಬಗೆ: ನಾರ್‌ಎಪಿನೆಫ್ರಿನ್ ಔಷಧಿಗಳ ಹಿನ್ನೆಲೆ

"ಒಂದ್ ಕಡಿ ಕುಂದ್ರಂಗಿಲ್ಲ, ಹೇಳಿದ್ದು ತಲಿಗಿ ಹತ್ತಂಗಿಲ್ಲ" ಎಂಬ ದೂರಿನೊಂದಿಗೆ ಸೇಡಂ, ಚಿಂಚೋಳಿ, ಶಹಾಪುರಗಳ ಕಡೆಯಿಂದ ಮಗುವನ್ನು ಕಲಬುರಗಿಯ ಮನೋವೈದ್ಯರ ಬಳಿಗೆ ಕರೆತರುವ ಪಾಲಕರಿಗೆ, ಇದು ಹಟವಲ್ಲ, ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಎಂದು ತಿಳಿದ ಮೇಲೆ ಎದುರಾಗುವ ಮುಂದಿನ ಪ್ರಶ್ನೆ ಔಷಧಿಯದು. ಆಗ ಮುಖ್ಯವಾಗಿ ಕೇಳಿಬರುವ ಹೆಸರುಗಳು ಮೂರು: ಮೀಥೈಲ್‌ಫೆನಿಡೇಟ್, ಆಟೊಮಾಕ್ಸೆಟಿನ್ ಮತ್ತು ಕ್ಲೊನಿಡಿನ್. ಮೊದಲನೆಯದು ಮಿದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕಗಳಾದ ಡೋಪಮಿನ್ ಮತ್ತು ನಾರ್‌ಎಪಿನೆಫ್ರಿನ್ ಎರಡನ್ನೂ ಹೆಚ್ಚಿಸುವ ಉತ್ತೇಜಕ. ಉಳಿದೆರಡು ಮುಖ್ಯವಾಗಿ ನಾರ್‌ಎಪಿನೆಫ್ರಿನ್ ವ್ಯವಸ್ಥೆಯ ಮೂಲಕವೇ ಕೆಲಸ ಮಾಡುತ್ತವೆ. ವಿಶೇಷವೆಂದರೆ, ಈ ಎರಡರಲ್ಲಿ ಯಾವುದೂ ಗಮನದ ತೊಂದರೆಗಾಗಿ ಹುಟ್ಟಿದ ಔಷಧಿಯಲ್ಲ.

ನಾರ್‌ಎಪಿನೆಫ್ರಿನ್ ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವೆಂದು 1946ರಲ್ಲಿ ತೋರಿಸಿಕೊಟ್ಟವರು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್. ಸಂದೇಶ ಮುಟ್ಟಿಸಿದ ಬಳಿಕ ಅದನ್ನು ಬಿಡುಗಡೆ ಮಾಡಿದ ನರಕೋಶವೇ ಮತ್ತೆ ಒಳಗೆಳೆದುಕೊಳ್ಳುತ್ತದೆ ಎಂಬುದನ್ನು 1960ರ ಸುಮಾರಿಗೆ ಅಮೆರಿಕದ ಜೂಲಿಯಸ್ ಆಕ್ಸೆಲ್‌ರಾಡ್ ಕಂಡುಹಿಡಿದರು. 1970ರ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರೂ ಬರ್ನಾರ್ಡ್ ಕಾಟ್ಜ್ ಅವರೊಂದಿಗೆ ಹಂಚಿಕೊಂಡರು. ಈ ಮರುಹೀರಿಕೆಯನ್ನು ತಡೆದರೆ ನರಕೋಶಗಳ ನಡುವಿನ ಸಂದಿಯಲ್ಲಿ ನಾರ್‌ಎಪಿನೆಫ್ರಿನ್ ಹೆಚ್ಚು ಹೊತ್ತು ಉಳಿಯುತ್ತದೆ ಎಂಬ ಅರಿವಿನ ಮೇಲೆಯೇ ಮುಂದೆ ಬಂದ ಔಷಧಿಗಳಲ್ಲಿ ಹೆಚ್ಚಿನವು ನಿಂತಿವೆ.

ಗಮನದ ತೊಂದರೆಗೆ ಔಷಧಿ ಕೊಡುವ ಪದ್ಧತಿ ಅದಕ್ಕಿಂತ ಹಳೆಯದು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಜಾತಿಯ ಉತ್ತೇಜಕ ಕೊಟ್ಟು, ಅವರಲ್ಲಿ 14 ಮಕ್ಕಳ ಶಾಲಾ ಕಲಿಕೆ ಎದ್ದುಕಾಣುವಷ್ಟು ಸುಧಾರಿಸಿತೆಂದು 1937ರಲ್ಲಿ ವರದಿ ಮಾಡಿದರು. 1944ರಲ್ಲಿ ಸೀಬಾ ಕಂಪನಿಯಲ್ಲಿ ತಯಾರಾದ ಮೀಥೈಲ್‌ಫೆನಿಡೇಟ್ 1950ರ ದಶಕದಲ್ಲಿ ರಿಟಾಲಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆದರೆ ಉತ್ತೇಜಕಗಳಿಂದ ಕೆಲವು ಮಕ್ಕಳಿಗೆ ಗುಣ ಕಾಣುತ್ತಿರಲಿಲ್ಲ. ಕೆಲವರಿಗೆ ಹಸಿವು, ನಿದ್ರೆ ಕೆಡುತ್ತಿದ್ದವು. ದುರ್ಬಳಕೆಯ ಭಯವೂ ಇತ್ತು. ಆದ್ದರಿಂದ ವೈದ್ಯರು ಖಿನ್ನತೆಯ ಹಳೆಯ ಔಷಧಿಗಳಾದ ಇಮಿಪ್ರಮಿನ್, ಡೆಸಿಪ್ರಮಿನ್‌ಗಳತ್ತ ನೋಡಿದರು. ನಾರ್‌ಎಪಿನೆಫ್ರಿನ್ ಮರುಹೀರಿಕೆಯನ್ನು ಬಲವಾಗಿ ತಡೆಯುವ ಡೆಸಿಪ್ರಮಿನ್‌ನಿಂದ ಮಕ್ಕಳ ಗಮನ ಸುಧಾರಿಸಿದ್ದೂ ನಿಜ. ಆದರೆ ಅದನ್ನು ಸೇವಿಸುತ್ತಿದ್ದ ಕೆಲವು ಮಕ್ಕಳು ಹಠಾತ್ತನೆ ಸತ್ತ ವರದಿಗಳು 1990ರಲ್ಲಿ ಹೊರಬಂದವು. ಹೃದಯದ ಮೇಲೆ ಅದು ಬೀರುವ ಪರಿಣಾಮದ ಶಂಕೆಯಿಂದ ಮಕ್ಕಳಿಗೆ ಅದರ ಬಳಕೆ ತಗ್ಗಿತು. ದಾರಿ ಸರಿಯಿದ್ದರೂ ಹೃದಯಕ್ಕೆ ಸುರಕ್ಷಿತವಾದ ಬೇರೊಂದು ಗುಳಿಗೆ ಬೇಕಾಗಿತ್ತು.

ಆ ಗುಳಿಗೆ ಎಲಿ ಲಿಲ್ಲಿ ಕಂಪನಿಯ ಬಳಿ ಮೊದಲೇ ಇತ್ತು. ಖಿನ್ನತೆಗೆಂದು ಪರೀಕ್ಷಿಸಿ, ನಿರೀಕ್ಷಿಸಿದ ಫಲ ಸಿಗದೆ ಬದಿಗಿರಿಸಿದ್ದ ಟೊಮಾಕ್ಸೆಟಿನ್ ಎಂಬ ರಾಸಾಯನಿಕವೇ ಅದು. ಕ್ಯಾನ್ಸರ್‌ಗೆ ಬಳಸುವ ಟಮಾಕ್ಸಿಫೆನ್ ಜೊತೆ ಗೊಂದಲವಾಗದಿರಲೆಂದು ಆಟೊಮಾಕ್ಸೆಟಿನ್ ಎಂದು ಹೆಸರು ಬದಲಿಸಿಕೊಂಡ ಅದಕ್ಕೆ, ಎಡಿಎಚ್‌ಡಿಗೆ ಉತ್ತೇಜಕವಲ್ಲದ ಮೊದಲ ಔಷಧಿಯಾಗಿ 2002ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ಮಿದುಳಿನ ಮುಂಭಾಗದಲ್ಲಿ, ಯೋಜನೆ ಮತ್ತು ತಾಳ್ಮೆಯ ಕೆಲಸ ನಡೆಯುವ ಜಾಗದಲ್ಲಿ, ಡೋಪಮಿನ್ ಅನ್ನು ಒಳಗೆಳೆದುಕೊಳ್ಳುವುದು ಬಹುಮಟ್ಟಿಗೆ ನಾರ್‌ಎಪಿನೆಫ್ರಿನ್‌ನ ಸಾಗಣೆದಾರ ಪ್ರೊಟೀನೇ. ಹಾಗಾಗಿ ಆಟೊಮಾಕ್ಸೆಟಿನ್ ಆ ಪ್ರೊಟೀನನ್ನು ತಡೆದಾಗ ಅಲ್ಲಿ ಎರಡೂ ರಾಸಾಯನಿಕಗಳು ಹೆಚ್ಚುತ್ತವೆ. ಆದರೆ ಚಟಕ್ಕೆ ಸಂಬಂಧಿಸಿದ ಮಿದುಳಿನ ಆಳದ ಭಾಗಗಳಲ್ಲಿ ಡೋಪಮಿನ್ ಏರುವುದಿಲ್ಲ.

ಹಾಗಾದರೆ ಯಾವುದು ಮೇಲು? ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆರು ವಾರಗಳಲ್ಲಿ ದೀರ್ಘಾವಧಿಯ ಮೀಥೈಲ್‌ಫೆನಿಡೇಟ್ ಪಡೆದವರಲ್ಲಿ ಶೇ 56ರಷ್ಟು, ಆಟೊಮಾಕ್ಸೆಟಿನ್ ಪಡೆದವರಲ್ಲಿ ಶೇ 45ರಷ್ಟು, ಔಷಧಿಯಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಶೇ 24ರಷ್ಟು ಮಕ್ಕಳು ಸುಧಾರಿಸಿದರು. ಉತ್ತೇಜಕ ಮುಂದಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನನಗೆ ಹೆಚ್ಚು ಮಹತ್ವದ್ದೆನಿಸುವುದು ಅದೇ ಅಧ್ಯಯನದ ಮುಂದಿನ ಹಂತ: ಮೀಥೈಲ್‌ಫೆನಿಡೇಟ್‌ಗೆ ಸ್ಪಂದಿಸದ ಮಕ್ಕಳಲ್ಲಿ ಶೇ 43ರಷ್ಟು ಮಂದಿ ಆಮೇಲೆ ಆಟೊಮಾಕ್ಸೆಟಿನ್‌ಗೆ ಸ್ಪಂದಿಸಿದರು. ಒಂದು ಔಷಧಿ ಹತ್ತದಿದ್ದರೆ ಮಗುವಿಗೆ ಚಿಕಿತ್ಸೆಯೇ ಇಲ್ಲವೆಂದು ಕೈಚೆಲ್ಲಬೇಕಿಲ್ಲ.

ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಕಾಲದ್ದು. ಮೀಥೈಲ್‌ಫೆನಿಡೇಟ್‌ನ ಪರಿಣಾಮ ನುಂಗಿದ ಗಂಟೆಯೊಳಗೆ ಕಾಣತೊಡಗಿ ಅದೇ ದಿನ ಮುಗಿಯುತ್ತದೆ. ಆಟೊಮಾಕ್ಸೆಟಿನ್‌ನ ಪೂರ್ಣ ಫಲಕ್ಕೆ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೊಟ್ಟೆನೋವು, ವಾಕರಿಕೆ, ಮಂಪರು ಮೊದಲ ದಿನಗಳಲ್ಲೇ ಬರಬಹುದಾಗಿದ್ದು, ಗುಣ ಕಾಣುವ ಮುನ್ನವೇ ತೊಂದರೆ ಕಾಣುವುದರಿಂದ ಮನೆಯವರು ಎರಡನೇ ವಾರದಲ್ಲೇ ಗುಳಿಗೆ ಬಿಡಿಸುವ ಸಂಭವವಿದೆ. ಚೀಟಿ ಬರೆದುಕೊಡುವಾಗಲೇ ಈ ಮಾತನ್ನು ಬಿಡಿಸಿ ಹೇಳುವುದು ಚಿಕಿತ್ಸೆಯ ಭಾಗವೇ ಆಗಬೇಕು. ಪ್ರಮಾಣವೂ ತೂಕದ ಮೇಲೆ ನಿಲ್ಲುತ್ತದೆ. ಕಿಲೋ ತೂಕಕ್ಕೆ ದಿನಕ್ಕೆ 0.5 ಮಿಲಿಗ್ರಾಂನಿಂದ ಆರಂಭಿಸಿ 1.2 ಮಿಲಿಗ್ರಾಂವರೆಗೆ ಏರಿಸುವುದು ರೂಢಿಯಾದ್ದರಿಂದ, 25 ಕಿಲೋ ತೂಗುವ ಮಗುವಿಗೆ ಗುರಿಯ ಪ್ರಮಾಣ 30 ಮಿಲಿಗ್ರಾಂ. ಯಕೃತ್ತಿನಲ್ಲಿ ಈ ಔಷಧಿಯನ್ನು ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಮಂದವಾಗಿದ್ದು, ಅಂಥವರ ದೇಹದಲ್ಲಿ ಅದೇ ಪ್ರಮಾಣ ಹತ್ತು ಪಟ್ಟಿನಷ್ಟು ಶೇಖರವಾಗಬಹುದು. ಆರಂಭ ಸಣ್ಣ ಪ್ರಮಾಣದಿಂದಲೇ ಆಗಬೇಕೆಂಬುದಕ್ಕೆ ಇದೂ ಒಂದು ಕಾರಣ. ಅಪರೂಪಕ್ಕೆ ಯಕೃತ್ತಿಗೆ ಹಾನಿಯಾದದ್ದು ವರದಿಯಾಗಿದೆ. ಪರೀಕ್ಷೆಗಳಲ್ಲಿ ಸುಮಾರು ಶೇ 0.4ರಷ್ಟು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಕಂಡದ್ದರಿಂದ 2005ರಲ್ಲಿ ಅಮೆರಿಕದಲ್ಲಿ ಔಷಧಿಯ ಮೇಲೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯವಾಯಿತು. ಆ ಪರೀಕ್ಷೆಗಳಲ್ಲಿ ಆತ್ಮಹತ್ಯೆ ಸಂಭವಿಸಿರಲಿಲ್ಲ. ಆದರೂ ಮೊದಲ ತಿಂಗಳುಗಳಲ್ಲಿ ಮಗುವಿನ ಮನಸ್ಸಿನ ಮೇಲೆ ಮನೆಯವರ ಕಣ್ಣಿರಬೇಕು.

ನಮ್ಮ ದೇಶದಲ್ಲಿ ಈ ಹೋಲಿಕೆಗೆ ಕಾನೂನಿನ ಮುಖವೂ ಇದೆ. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೂ ಔಷಧ ನಿಯಮಗಳ ಎಕ್ಸ್ ಪಟ್ಟಿಗೂ ಸೇರಿದೆ. ಅದನ್ನು ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು, ಚೀಟಿ ಎರಡು ಪ್ರತಿಗಳಲ್ಲಿರಬೇಕು ಮತ್ತು ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಆಟೊಮಾಕ್ಸೆಟಿನ್‌ಗೆ ಈ ಕಟ್ಟುಗಳಿಲ್ಲದ ಕಾರಣ ಸಾಮಾನ್ಯ ಪರವಾನಗಿಯ ಅಂಗಡಿಯೂ ಅದನ್ನು ತರಿಸಿಕೊಡಬಲ್ಲದು. ದುರ್ಬಳಕೆಯ ತಡೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಔರಾದ್‌ನ ಅಥವಾ ಸುರಪುರದ ಮಗುವಿಗೆ ಯಾವ ಔಷಧಿ ಎಂಬುದನ್ನು ಅಂಗಡಿಯ ಪರವಾನಗಿ ತೀರ್ಮಾನಿಸುವಂತಾಗಬಾರದು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿರುವಾಗ, ಎರಡೂ ಔಷಧಿಗಳು ಅಲ್ಲಿನ ಔಷಧಾಲಯಗಳಲ್ಲೇ ನಿಯಮಿತವಾಗಿ ಸಿಗುವಂತೆ ಮಾಡುವುದು ಅಸಾಧ್ಯದ ಮಾತಲ್ಲ.

ಕ್ಲೊನಿಡಿನ್ ಮತ್ತು ಅದರ ಬಂಧುವಾದ ಗ್ವಾನ್‌ಫಸಿನ್ ಮೂಲತಃ ರಕ್ತದೊತ್ತಡದ ಗುಳಿಗೆಗಳು. ಇವು ನಾರ್‌ಎಪಿನೆಫ್ರಿನ್ ಅನ್ನು ಹೆಚ್ಚಿಸುವುದಿಲ್ಲ, ಅದು ಕೂರಬೇಕಾದ ಆಲ್ಫಾ-2 ಗ್ರಾಹಕದಲ್ಲಿ, ಅಂದರೆ ನರಕೋಶ ಸಂದೇಶ ಸ್ವೀಕರಿಸುವ ತಾಣದಲ್ಲಿ, ತಾವೇ ಕೂತು ಮಿದುಳಿನ ಮುಂಭಾಗವನ್ನು ಬಲಪಡಿಸುತ್ತವೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಅವರ ಸಂಶೋಧನೆ ಇದಕ್ಕೆ ತಳಹದಿಯಾಯಿತು. ನಿಧಾನವಾಗಿ ಬಿಡುಗಡೆಯಾಗುವ ಗ್ವಾನ್‌ಫಸಿನ್‌ಗೆ 2009ರಲ್ಲಿ, ಅಂಥದ್ದೇ ಕ್ಲೊನಿಡಿನ್‌ಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅತಿಚಟುವಟಿಕೆ, ಮುಖದ ಸೆಳೆತ, ನಿದ್ರಾಹೀನತೆ ಇರುವ ಮಕ್ಕಳಿಗೆ ಇವು ಉಪಯುಕ್ತ. ಆದರೆ ಇವು ರಕ್ತದೊತ್ತಡವನ್ನು ತಗ್ಗಿಸುತ್ತವೆ. ದೇಹದ ನೀರು ಆರಿದರೆ, ಮೈ ಕಾವೇರಿದರೆ ಮಗು ತಲೆಸುತ್ತಿ ಬೀಳಬಹುದು. ಉಷ್ಣತೆ 42 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಎಚ್ಚರಿಕೆಗೆ ಬೇರೆಯೇ ತೂಕವಿದೆ. ಇವನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏಕಾಏಕಿ ಏರುವುದರಿಂದ, ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಗುಳಿಗೆ ಸಾಕಷ್ಟಿದೆಯೇ ಎಂದು ನೋಡಿಕೊಳ್ಳಲೇಬೇಕು.

ಖಿನ್ನತೆಯ ಇನ್ನೊಂದು ಔಷಧಿಯಾದ ಬುಪ್ರೊಪಿಯಾನ್ ಅನ್ನು ಮುಖ್ಯವಾಗಿ ವಯಸ್ಕರಿಗೆ, ಅನುಮೋದನೆಯ ಹೊರಗೆ, ಬಳಸುವುದುಂಟು. ಅದರಿಂದ ಫಿಟ್ಸ್ ಬರುವ ಅಪಾಯವಿದೆ. ಕೊನೆಯದಾಗಿ ಬಂದದ್ದು ವಿಲೊಕ್ಸಜಿನ್. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಖಿನ್ನತೆಯ ಔಷಧಿಯಾಗಿದ್ದು ಬಳಿಕ ಮಾರುಕಟ್ಟೆಯಿಂದ ಮರೆಯಾದ ಇದು, ಹೊಸ ರೂಪದಲ್ಲಿ 2021ರಲ್ಲಿ ಅಮೆರಿಕದ ಮಕ್ಕಳಿಗೂ 2022ರಲ್ಲಿ ವಯಸ್ಕರಿಗೂ ಅನುಮೋದನೆ ಪಡೆಯಿತು. ಕೆಫೀನ್ ಕರಗಿಸುವ ಕಿಣ್ವವನ್ನು ಇದು ಬಲವಾಗಿ ತಡೆಯುವುದರಿಂದ, ಇದನ್ನು ಸೇವಿಸುವವರಲ್ಲಿ ಚಹಾದ ಪರಿಣಾಮವೂ ಹೆಚ್ಚುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿ ಸೇರಿದೆ, ಆದ್ದರಿಂದ ಶಾಲೆಗೆ ಬರುವ ಆರೋಗ್ಯ ತಂಡಕ್ಕೆ ಶಿಕ್ಷಕರು ಇಂಥ ಮಗುವನ್ನು ತೋರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಪಾಲಕರು ಕನ್ನಡದಲ್ಲೇ ಸಲಹೆ ಕೇಳಬಹುದು. ಔಷಧಿ ಶುರುವಾದ ಮೇಲೆ ಪ್ರತಿ ಭೇಟಿಯಲ್ಲೂ ಮಗುವಿನ ತೂಕ, ನಾಡಿ, ರಕ್ತದೊತ್ತಡ ಮೂರನ್ನೂ ಅಳೆದು ಚೀಟಿಯ ಮೇಲೆ ಬರೆಸಿಕೊಳ್ಳುವುದು ಅಗತ್ಯ, ಏಕೆಂದರೆ ಮುಂದಿನ ಪ್ರಮಾಣ ನಿಗದಿಯಾಗುವುದು ಆ ಅಂಕಿಗಳ ಮೇಲೆ.