ಪದ ಪರಿಚಯ: ಫ್ಲಿಕರ್

‘ಕಣ್ಣು ಉರಿಯುತ್ತಿದ್ದರೆ 144 ಹರ್ಟ್ಜ್ ಮಾನಿಟರ್ ತಗೊಳ್ಳಿ, ಫ್ಲಿಕರ್ ಇರಲ್ಲ’ ಎಂಬ ಸಲಹೆ ಈಗ ಎಲ್ಲೆಂದರಲ್ಲಿ ಸಿಗುತ್ತದೆ. ಗೇಮಿನಲ್ಲಿ ಚಿತ್ರ ಅಡ್ಡಕ್ಕೆ ಸೀಳಿದಂತೆ ಕಂಡರೂ ಫ್ಲಿಕರ್, ಸ್ಕ್ರಾಲ್ ಮಾಡುವಾಗ ಪುಟ ತಡವರಿಸಿದರೂ ಫ್ಲಿಕರ್, ಕೇಬಲ್ ಸಡಿಲವಾಗಿ ಪರದೆ ಒಂದು ಕ್ಷಣ ಕಪ್ಪಾದರೂ ಫ್ಲಿಕರ್. ಮೊದಲನೆಯದು ಟೇರಿಂಗ್, ಗೇಮಿನ ಸೆಟ್ಟಿಂಗಿನಲ್ಲಿ ವಿ-ಸಿಂಕ್ ಹಾಕಿದರೆ ನಿಲ್ಲುತ್ತದೆ. ಎರಡನೆಯದು ಸ್ಟಟರ್. ಮೂರನೆಯದಕ್ಕೆ ಬೇಕಿರುವುದು ಹೊಸ ಕೇಬಲ್. ಫ್ಲಿಕರ್ ಅಂದರೆ ಪರದೆಯ ಬೆಳಕು ಬೇಗ ಬೇಗ, ಪದೇ ಪದೇ ಏರಿಳಿಯುವುದು, ಅಷ್ಟೇ. ಅದಕ್ಕೆ ಚಿತ್ರ ಚಲಿಸಬೇಕೆಂದೇನೂ ಇಲ್ಲ. ಖಾಲಿ ಬಿಳಿ ಪುಟವೊಂದನ್ನು ತೆರೆದಿಟ್ಟು ಸುಮ್ಮನೆ ಕೂತರೂ ಎದುರಿನ ಪರದೆ ಸೆಕೆಂಡಿಗೆ ಇನ್ನೂರು ಸಲ ಆರಿ ಹೊತ್ತಿಕೊಳ್ಳುತ್ತಿರಬಹುದು.

ಹರ್ಟ್ಜ್ ಹೆಚ್ಚಿದರೆ ಕಣ್ಣಿಗೆ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ದಪ್ಪ ಟ್ಯೂಬಿನ ಸಿಆರ್‌ಟಿ ಮಾನಿಟರುಗಳ ಕಾಲದಲ್ಲಿ. ಆಗ ಅದು ಸರಿಯಾಗಿಯೇ ಇತ್ತು. ಎಲೆಕ್ಟ್ರಾನ್ ಕಿರಣ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓಡುತ್ತಿತ್ತು, ಅದು ತಾಗಿದ ಜಾಗ ಬೆಳಗಿ ಕೆಲವೇ ಮಿಲಿಸೆಕೆಂಡಿನಲ್ಲಿ ಮಂಕಾಗುತ್ತಿತ್ತು. ಪ್ರತಿ ರಿಫ್ರೆಶ್ಶಿಗೂ, ಅಂದರೆ ಚಿತ್ರ ಹೊಸದಾಗುವ ಪ್ರತಿ ಸಲವೂ, ಬೆಳಕು ಒಂದು ಸಲ ಏರಿ ಇಳಿಯುವುದರಿಂದ ರಿಫ್ರೆಶ್ ರೇಟೇ ಫ್ಲಿಕರ್ ರೇಟ್. 60 ಹರ್ಟ್ಜಿನಲ್ಲಿ ಅದುರಿದಂತೆ ಕಾಣುತ್ತಿದ್ದ ಪರದೆಯನ್ನು 85ಕ್ಕೆ ಏರಿಸಿದರೆ ಕಣ್ಣಿಗೆ ನಿಜವಾಗಿಯೂ ಹಾಯೆನಿಸುತ್ತಿತ್ತು. ಎಲ್‌ಸಿಡಿ ಬಂದ ಮೇಲೆ ಈ ನಂಟು ಕಡಿದುಹೋಯಿತು. ಎಲ್‌ಸಿಡಿಯ ಪಿಕ್ಸೆಲ್ ಮುಂದಿನ ರಿಫ್ರೆಶ್ ಬರುವ ತನಕ ತನ್ನ ಬಣ್ಣ ಹಿಡಿದುಕೊಂಡಿರುತ್ತದೆ. ಬೆಳಕು ಬರುವುದು ಅದರ ಹಿಂದಿರುವ ದೀಪದಿಂದ, ಅಂದರೆ ಬ್ಯಾಕ್‌ಲೈಟಿನಿಂದ. ಮಾನಿಟರ್ ಬದಲಾಗಿ ಇಪ್ಪತ್ತು ವರ್ಷವಾದರೂ ಸಲಹೆ ಮಾತ್ರ ಹಾಗೇ ಉಳಿದಿದೆ.

ಗೊಂದಲದ ಬೇರು ಹರ್ಟ್ಜ್ ಎಂಬ ಮಾನದಲ್ಲೇ ಇದೆ. ವಿಜ್ಞಾನಿ ಹೈನ್‌ರಿಕ್ ಹರ್ಟ್ಜ್ ಹೆಸರಿನ ಈ ಮಾನ ಹೇಳುವುದು ‘ಸೆಕೆಂಡಿಗೆ ಎಷ್ಟು ಸಲ’ ಎಂದು ಮಾತ್ರ. ಏನು ಅಷ್ಟು ಸಲ ಎಂಬುದನ್ನು ನಾವೇ ಕೇಳಬೇಕು. ಡಬ್ಬದ ಮೇಲಿನ 144 ಹರ್ಟ್ಜ್ ಅಂದರೆ ಮಾನಿಟರ್ ಸೆಕೆಂಡಿಗೆ 144 ಸಲ ಚಿತ್ರ ಹೊಸದು ಮಾಡಬಲ್ಲದು. ಗೇಮಿನ ಮೂಲೆಯಲ್ಲಿ ಕಾಣುವ ಎಫ್‌ಪಿಎಸ್, ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ ತಯಾರಿಸಿತು ಎಂಬ ಲೆಕ್ಕ. ಮೂರನೆಯದು, ಡಬ್ಬದ ಮೇಲೆ ಹೆಚ್ಚಾಗಿ ಅಚ್ಚಾಗದೇ ಇರುವುದು, ಬ್ಯಾಕ್‌ಲೈಟ್ ಸೆಕೆಂಡಿಗೆ ಎಷ್ಟು ಸಲ ಆರಿ ಹೊತ್ತುತ್ತದೆ ಎಂಬುದು. ಕಣ್ಣುರಿಗೆ, ತಲೆನೋವಿಗೆ ಕಾರಣ ಹುಡುಕುವುದಿದ್ದರೆ ಈ ಮೂರನೆಯದರಲ್ಲಿ ಹುಡುಕಬೇಕು.

ಬೆಳಕು ಕಡಿಮೆ ಮಾಡಲು ಎರಡು ದಾರಿ. ನಲ್ಲಿಯನ್ನು ಅರ್ಧ ತಿರುಗಿಸಿದ ಹಾಗೆ ಎಲ್‌ಇಡಿಗೆ ಹೋಗುವ ಕರೆಂಟನ್ನೇ ತಗ್ಗಿಸುವುದು ಡಿಸಿ ಡಿಮ್ಮಿಂಗ್. ಪೂರ್ತಿ ತೆರೆದು ಪೂರ್ತಿ ಮುಚ್ಚಿ, ತೆರೆದಿಡುವ ಹೊತ್ತನ್ನು ಕಡಿಮೆ ಮಾಡುವುದು ಪಲ್ಸ್ ವಿಡ್ತ್ ಮಾಡ್ಯುಲೇಶನ್, ಅಂದರೆ ಪಿಡಬ್ಲ್ಯೂಎಂ. 240 ಹರ್ಟ್ಜಿನ ಪಿಡಬ್ಲ್ಯೂಎಂ ಇರುವ ಪರದೆಯಲ್ಲಿ ಒಂದು ಸುತ್ತಿಗೆ ಸುಮಾರು 4.2 ಮಿಲಿಸೆಕೆಂಡ್. ಬ್ರೈಟ್‌ನೆಸ್ ಕಾಲು ಭಾಗಕ್ಕೆ ಇಳಿಸಿದರೆ ಅದರಲ್ಲಿ ಒಂದು ಮಿಲಿಸೆಕೆಂಡ್ ಬೆಳಕು, ಉಳಿದ ಮೂರು ಕತ್ತಲೆ. ರಾತ್ರಿ ಕಣ್ಣಿಗೆ ತಂಪಾಗಿರಲೆಂದು ಬ್ರೈಟ್‌ನೆಸ್ ತಗ್ಗಿಸಿದವರಿಗೇ ತಲೆನೋವು ಹೆಚ್ಚುವುದಕ್ಕೆ ಇದೊಂದು ಕಾರಣ. ನೇರವಾಗಿ ದಿಟ್ಟಿಸಿದಾಗ ಇದು ಕಾಣುವುದಿಲ್ಲ, ನಿಜ. ಆದರೆ ಓದುವಾಗ ಕಣ್ಣು ಸಾಲಿನಿಂದ ಸಾಲಿಗೆ ಜಿಗಿಯುತ್ತದೆ, ಆ ಜಿಗಿತದಲ್ಲಿ ಸಾವಿರ ಹರ್ಟ್ಜ್ ದಾಟಿದ ಏರಿಳಿತವನ್ನೂ ಗುರುತಿಸಬಲ್ಲವರಿದ್ದಾರೆ. ಎಲ್ಲರಿಗೂ ತೊಂದರೆಯಾಗುವುದಿಲ್ಲ, ಆಗುವವರಿಗೆ ಚೆನ್ನಾಗಿಯೇ ಆಗುತ್ತದೆ.

ಸಂಖ್ಯೆಯೊಂದೇ ಸಾಲದು, ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದೂ ಮುಖ್ಯ. ಎಂಜಿನಿಯರುಗಳ ಸಂಘ ಐಇಇಇ ಎಲ್‌ಇಡಿ ದೀಪಗಳಿಗೆಂದು ಬರೆದ ಐಇಇಇ 1789 ಎಂಬ 2015ರ ಶಿಫಾರಸಿನ ಪ್ರಕಾರ ಅಪಾಯ ಕಡಿಮೆ ಇರಬೇಕಾದರೆ 240 ಹರ್ಟ್ಜಿನಲ್ಲಿ ಏರಿಳಿತ ಸುಮಾರು ಶೇ. 19 ಮೀರಬಾರದು. ಪೂರ್ತಿ ಆರಿಸಿ ಹೊತ್ತಿಸುವುದಾದರೆ ವೇಗ 1250 ಹರ್ಟ್ಜ್ ದಾಟಿರಬೇಕು. ‘480 ಹರ್ಟ್ಜ್ ಪಿಡಬ್ಲ್ಯೂಎಂ, ಕಣ್ಣಿಗೆ ಸುರಕ್ಷಿತ’ ಎಂದು ಫೋನ್ ಮಾರುವವರು ಆಳದ ಸುದ್ದಿ ಎತ್ತದಿದ್ದರೆ ಅರ್ಧ ಲೆಕ್ಕ ಒಪ್ಪಿಸಿದ್ದಾರೆ ಎಂದೇ ಅರ್ಥ.

ನಿಮ್ಮ ಪರದೆಯನ್ನು ಪರೀಕ್ಷಿಸಲು ಯಂತ್ರ ಬೇಡ. ಕೋಣೆಯ ದೀಪ ಆರಿಸಿ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ತಾನೇ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಪರೀಕ್ಷೆ ಕೆಡುತ್ತದೆ. ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಶೇ. 30ಕ್ಕೆ ಇಳಿಸಿ, ಪರದೆಯ ಮುಂದೆ ಪೆನ್ನೊಂದನ್ನು ಬೀಸಣಿಗೆಯಂತೆ ಜೋರಾಗಿ ಆಡಿಸಿ. ಒಂದೇ ಮಸುಕಾದ ಪಟ್ಟಿ ಕಂಡರೆ ತೊಂದರೆಯಿಲ್ಲ. ಹತ್ತಾರು ಬಿಡಿಬಿಡಿ ಪೆನ್ನು ಕಂಡರೆ ಪಿಡಬ್ಲ್ಯೂಎಂ ಇದೆ. ಫೋನ್ ಕ್ಯಾಮೆರಾದ ಪ್ರೊ ಮೋಡಿನಲ್ಲಿ ಶಟರ್ 1/2000ಕ್ಕೆ ಇಟ್ಟು ನೋಡಿದರೂ ಆಗುತ್ತದೆ: ಪಿಡಬ್ಲ್ಯೂಎಂ ಇದ್ದರೆ ಬ್ರೈಟ್‌ನೆಸ್ ಶೇ. 100ರಲ್ಲಿ ಇಲ್ಲದ ಕಪ್ಪು ಪಟ್ಟೆಗಳು ಶೇ. 30ರಲ್ಲಿ ಮೂಡುತ್ತವೆ. ಬ್ಯಾಕ್‌ಲೈಟ್ ಇಲ್ಲದೆ ಪಿಕ್ಸೆಲ್ ತಾನೇ ಬೆಳಗುವ ಒಎಲ್‌ಇಡಿ ಪರದೆಯಲ್ಲಿ ಒಂದೇ ಒಂದು ತೆಳು ಪಟ್ಟೆ ಸರಿದುಹೋಗುವುದು ಸಹಜ, ಅದಕ್ಕೆ ಗಾಬರಿ ಬೇಡ.

ಪಿಡಬ್ಲ್ಯೂಎಂ ಇದೆ ಎಂದು ಗೊತ್ತಾದರೆ, ಪಟ್ಟೆ ಮಾಯವಾಗುವ ತನಕ ಮಾನಿಟರಿನ ಬ್ರೈಟ್‌ನೆಸ್ ಏರಿಸಿ, ಅತಿಯಾದ ಬೆಳಕನ್ನು ಸಾಫ್ಟ್‌ವೇರಿನಿಂದ ತಗ್ಗಿಸಿ: ಗ್ರಾಫಿಕ್ಸ್ ಡ್ರೈವರಿನ ಬಣ್ಣದ ಸೆಟ್ಟಿಂಗಿನಲ್ಲೋ, ಪರದೆ ಮಬ್ಬಾಗಿಸುವ ಆ್ಯಪಿನಲ್ಲೋ. ಕಾಂಟ್ರಾಸ್ಟ್ ಸ್ವಲ್ಪ ಕಳೆದುಕೊಳ್ಳುತ್ತೀರಿ. ಆಂಡ್ರಾಯ್ಡಿನ ‘ಎಕ್ಸ್‌ಟ್ರಾ ಡಿಮ್’, ಐಫೋನಿನ ‘ರೆಡ್ಯೂಸ್ ವೈಟ್ ಪಾಯಿಂಟ್’ ಬಳಸಿ ಬ್ರೈಟ್‌ನೆಸ್ ಮೇಲಿಟ್ಟುಕೊಳ್ಳುವುದೂ ಇದೇ ಉಪಾಯ. ನೈಟ್ ಲೈಟ್ ಹಾಕಿದರೆ ಬಣ್ಣ ಹಳದಿಯಾಗುತ್ತದೆಯೇ ಹೊರತು ಪಿಡಬ್ಲ್ಯೂಎಂ ಅಲ್ಲೇ ಇರುತ್ತದೆ. ನೀಲಿ ಬೆಳಕು ತಡೆಯುವ ಕನ್ನಡಕದ ವಿಷಯ ಎತ್ತಬೇಡಿ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯಲ್ಲಿ ಕಣ್ಣಿನ ದಣಿವಿಗೆ ಅದರಿಂದ ಅಲ್ಪಾವಧಿಯ ಲಾಭ ಕಂಡುಬಂದಿಲ್ಲ.

ತಮಾಷೆಯೆಂದರೆ ‘ಫ್ಲಿಕರ್-ಫ್ರೀ’ ಎಂದು ಬರೆದುಕೊಂಡ ಗೇಮಿಂಗ್ ಮಾನಿಟರಿನ ಮೆನುವಿನಲ್ಲೇ ಫ್ಲಿಕರ್ ತರಿಸುವ ಸ್ವಿಚ್ಚೂ ಇರಬಹುದು. ಚಲನೆ ಚೂಪಾಗಿ ಕಾಣಲೆಂದು ಪ್ರತಿ ಚಿತ್ರದ ನಡುವೆ ಬ್ಯಾಕ್‌ಲೈಟ್ ಆರಿಸುವ ಮೋಡ್ ಅದು. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಯುಎಲ್‌ಎಂಬಿ, ಇಎಲ್‌ಎಂಬಿ, ಡೈಯಾಕ್. ಕೋಡ್ ಬರೆಯಲು, ಓದಲು ಕೂತಾಗ ಇದನ್ನು ಆಫ್ ಮಾಡಿ.

ಫ್ಲಿಕರಿನ ಇನ್ನೊಂದು ಬಗೆ ಕಣ್ಣಿಗೇ ಕಾಣುವಂಥದ್ದು. ಎಫ್‌ಪಿಎಸ್ಸಿಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಜಿ-ಸಿಂಕ್, ಫ್ರೀಸಿಂಕ್ ಹಾಕಿದಾಗ ವಿಎ (ಎಲ್‌ಸಿಡಿಯ ಒಂದು ಬಗೆ) ಮತ್ತು ಒಎಲ್‌ಇಡಿ ಪ್ಯಾನೆಲುಗಳ ಕಡು ಬೂದು ಭಾಗಗಳು, ಅದರಲ್ಲೂ ಗೇಮ್ ಲೋಡ್ ಆಗುವಾಗ, ಮಿಣುಕುತ್ತವೆ. ರಿಫ್ರೆಶ್ ರೇಟ್ ಹಠಾತ್ತನೆ ಏರಿಳಿದಂತೆ ಪಿಕ್ಸೆಲಿನ ಹೊಳಪೂ ತುಸು ಬದಲಾಗುವುದು ಇದಕ್ಕೆ ಕಾರಣ. ಮಾನಿಟರ್ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಎಫ್‌ಪಿಎಸ್ಸಿಗೆ ಮಿತಿ ಹಾಕಿ. 144ರ ಮಾನಿಟರಿನಲ್ಲಿ ನಿಮ್ಮ ಕಾರ್ಡ್ 70ರಿಂದ 140ರ ನಡುವೆ ಓಲಾಡುತ್ತಿದ್ದರೆ 70ಕ್ಕೆ ಕಟ್ಟಿಹಾಕಿ. ಆಗಲೂ ಹೋಗದಿದ್ದರೆ ಆ ಗೇಮಿಗೆ ಮಾತ್ರ ಸಿಂಕ್ ಆಫ್ ಮಾಡಿ.

ಲ್ಯಾಪ್‌ಟಾಪಿನಲ್ಲಿ ಬಿಳಿ ಕಿಟಕಿಯಿಂದ ಕಪ್ಪು ಕಿಟಕಿಗೆ ಹೋದಾಗ ಬೆಳಕು ತಾನಾಗಿ ಮೆಲ್ಲಗೆ ಏರಿಳಿಯುವುದು ಫ್ಲಿಕರ್ ಅಲ್ಲ, ಬ್ಯಾಟರಿ ಉಳಿಸುವ ಸೌಲಭ್ಯ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ ಬ್ರೈಟ್‌ನೆಸ್ ಬಿಡಿಸಿದರೆ ‘ಚೇಂಜ್ ಬ್ರೈಟ್‌ನೆಸ್ ಬೇಸ್ಡ್ ಆನ್ ಕಂಟೆಂಟ್’ ಸಿಗುತ್ತದೆ, ಆಫ್ ಮಾಡಿ. ಎಎಂಡಿ ಲ್ಯಾಪ್‌ಟಾಪಿನಲ್ಲಿ ವ್ಯಾರಿ-ಬ್ರೈಟ್ ಎಂಬುದೂ ಇರುತ್ತದೆ, ಅದನ್ನೂ. ಇಷ್ಟೆಲ್ಲ ಮಾಡಿಯೂ ಉರಿ ನಿಲ್ಲದಿದ್ದರೆ, ಅಚ್ಚಾದ ಪುಸ್ತಕ ಓದುವಾಗಲೂ ಹಾಗೇ ಆಗುತ್ತಿದ್ದರೆ, ಮಾನಿಟರ್ ಬಿಟ್ಟು ಕಣ್ಣಿನ ನಂಬರ್ ಪರೀಕ್ಷೆ ಮಾಡಿಸಿಕೊಳ್ಳಿ.